ಎರಡೂವರೆಯಿಂದ ಮೂರು ಹತ್ತರವರೆಗೆ

ಮನೆಮನೆಗೆ ಹೋಗಿ ವೈಫೈ ರಿಪೇರಿ ಮಾಡುವ ಆಫೀಸಿನಲ್ಲಿ ಅವನಿಗೆ ಜಿಗಣೆ ಎಂದು ಹೆಸರು. ಇಟ್ಟವರು ಜೊತೆಯ ಕೆಲಸಗಾರರು, ಬೈಗುಳವೆಂದೇ ಇಟ್ಟದ್ದು. ಅವನು ಅದನ್ನು ಬಿರುದು ಎಂದುಕೊಂಡ. ಕಚ್ಚಿದರೆ ಬಿಡುವವನಲ್ಲ ಎನ್ನುವುದು ಹೊಗಳಿಕೆಯಲ್ಲದೆ ಮತ್ತೇನು ಎಂದು ಅವನ ವಾದ. ಉಳಿದವರು ಒಂದು ಮನೆಗೆ ಅರ್ಧ ಗಂಟೆ ಕೊಟ್ಟು, "ಗೋಡೆ ದಪ್ಪ ಇದೆ ಸರ್, ಸಿಗ್ನಲ್ ಬರಲ್ಲ" ಎಂದು ಹೇಳಿ ಕಾಲ್ತೆಗೆಯುತ್ತಿದ್ದರು. ಜಿಗಣೆ ಹಾಗಲ್ಲ. ದೋಷ ಕಣ್ಣಿಗೆ ಬೀಳುವ ತನಕ ಆ ಮನೆಯಲ್ಲೇ ಕುರ್ಚಿ ಹಾಕಿ ಕೂರುತ್ತಿದ್ದ. ಹದಿನಾರು ವರ್ಷದಲ್ಲಿ ಅವನು ಕೈಚೆಲ್ಲಿದ ಮನೆ ಒಂದೂ ಇರಲಿಲ್ಲ. ಅದನ್ನು ಅವನು ದಿನಕ್ಕೆ ಒಂದು ಸಲವಾದರೂ ಯಾರಿಗಾದರೂ ಹೇಳುತ್ತಿದ್ದ.

ಮನೆಯಲ್ಲೂ ಅದೇ ಚಾಳಿ. ಒಂದು ಚಮಚ ಕಾಣೆಯಾದರೆ ಮೂರು ದಿನ ಹುಡುಕುತ್ತಿದ್ದ. "ನಿಮ್ಮ ಹತ್ರ ಒಂದು ಸಣ್ಣ ಸುಳ್ಳು ಹೇಳಿ ದಕ್ಕಿಸ್ಕೊಳ್ಳೋಕಾಗಲ್ಲ ಕಣ್ರೀ" ಎಂದು ಹೆಂಡತಿ ಹೇಳಿದರೆ, ಅದೂ ಹೊಗಳಿಕೆಯೇ ಎಂದುಕೊಂಡು ಮೀಸೆ ತಿರುವುತ್ತಿದ್ದ.

ನಿವೃತ್ತ ಗಿರಣಿ ಸೂಪರ್‌ವೈಸರ್ ಒಬ್ಬರ ಮನೆಯ ದೂರು ಅವನ ಕೈಗೆ ಬಂದಾಗ ಅದಕ್ಕೆ ಆಗಲೇ ನಾಲ್ಕು ತಿಂಗಳ ವಯಸ್ಸು. ಮೂವರು ಹೋಗಿ ಸೋತು ಬಂದಿದ್ದರು. ದಿನಾ ಮಧ್ಯಾಹ್ನ ಮನೆಯ ಹಿಂಭಾಗದಲ್ಲಿ ವೈಫೈ ಸತ್ತುಹೋಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಬದುಕುತ್ತದೆ, ಇಷ್ಟೇ ದೂರು. ಒಬ್ಬ ಸಿಗ್ನಲ್ ಓಡುವ ಚಾನೆಲ್ ಬದಲಿಸಿದ್ದ. ಇನ್ನೊಬ್ಬ ವೈರು ಬದಲಿಸಿದ್ದ. ಮೂರನೆಯವನು ಫ್ರಿಜ್ಜಿನ ಹಿಂದೆ ಇದ್ದ ವೈಫೈ ಪೆಟ್ಟಿಗೆಯನ್ನು ಎತ್ತಿ ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಇಟ್ಟು, ಕೊನೆಗೆ ಗೋಡೆಯ ಮೇಲೆ ತಪ್ಪು ಹೊರಿಸಿ ಹೋಗಿದ್ದ.

ಸೂಪರ್‌ವೈಸರ್ ಎಂದರೆ ನೂಲಿನ ಗಿರಣಿಯಲ್ಲಿ ಮೂವತ್ತೈದು ವರ್ಷ ಎತ್ತರದ ಗಾಜಿನ ಕೋಣೆಯಲ್ಲಿ ಕೂತು, ಕೆಳಗೆ ಕೆಲಸ ಮಾಡುವವರು ಯಾರು ಎಷ್ಟು ಸಲ ನೀರು ಕುಡಿದರು ಎಂದು ನೋಡಿದ ಮಹಾನುಭಾವರು. ನಿವೃತ್ತಿಯಾದ ಮೇಲೆ ನೋಡುವುದಕ್ಕೆ ಜನ ಬೇಕಲ್ಲ? ಮಂಡಿ ಆಪರೇಷನ್ ಆಗಿ ಮುಂದಿನ ಕೋಣೆಯ ಕುರ್ಚಿಗೆ ಅಂಟಿಕೊಂಡ ಮೇಲೆ, ಅಡುಗೆಮನೆಗೊಂದು, ಮಹಡಿ ಮೆಟ್ಟಿಲಿಗೊಂದು, ಊಟದ ಮನೆಗೊಂದು, ಬಟ್ಟೆ ಒಗೆಯುವ ಜಾಗದ ಬಾಗಿಲಿಗೊಂದು, ಹೀಗೆ ನಾಲ್ಕು ಕ್ಯಾಮೆರಾ ಹಾಕಿಸಿದರು. ನೋಡುವವರು ಅವರು, ಕೈಯಲ್ಲಿ ಟ್ಯಾಬ್ ಹಿಡಿದು. ನೋಡಿಸಿಕೊಳ್ಳುವವಳು ಹೆಂಡತಿ ಒಬ್ಬಳೇ. ಮನೆಯಲ್ಲಿ ಮೂರನೆಯವರಿಲ್ಲ. ಆ ಕ್ಯಾಮೆರಾಗಳಿಗೆ ಸ್ಪೀಕರ್ ಕೂಡ ಇತ್ತು. ಗೋಡೆಗೂ ಕಿವಿ ಇರುತ್ತದೆ ಎನ್ನುವುದು ಗಾದೆ. ಈ ಮನೆಯಲ್ಲಿ ಗೋಡೆಗೆ ಕಣ್ಣೂ ಇತ್ತು, ಬಾಯಿಯೂ ಇತ್ತು.

"ನಲ್ಲಿ ನಿಲ್ಸೇ, ಎಷ್ಟೊತ್ತಿಂದ ಬಿಟ್ಟಿದ್ದೀಯ?" ಎಂದು ಅಡುಗೆಮನೆಯ ಗೋಡೆ ಕೂಗಿದಾಗ ಜಿಗಣೆ ಬೆಚ್ಚಿಬಿದ್ದ. ಆಕೆ ಬೆಚ್ಚಲಿಲ್ಲ. ನಲ್ಲಿ ನಿಲ್ಲಿಸಿದಳು.

ಜಿಗಣೆ ಮನೆಯನ್ನು ಅಳೆದು ನೋಡಿದ. ರೈಲುಬೋಗಿಯ ಹಾಗೆ ಉದ್ದ ಮನೆ. ಮೂರು ಬಿಳಿ ಪೆಟ್ಟಿಗೆಗಳು ಸಿಗ್ನಲ್ಲನ್ನು ಬಿಂದಿಗೆ ನೀರಿನಂತೆ ಕೈಯಿಂದ ಕೈಗೆ ದಾಟಿಸಬೇಕು: ಮುಂದಿನ ಕೋಣೆಯದು ಮೆಟ್ಟಿಲ ಕೆಳಗಿನದಕ್ಕೆ, ಮೆಟ್ಟಿಲ ಕೆಳಗಿನದು ಅಡುಗೆಮನೆಯದಕ್ಕೆ. ನಾಲ್ಕೂ ಕ್ಯಾಮೆರಾ ಆ ಕೊನೆಯ ಪೆಟ್ಟಿಗೆಯನ್ನೇ ನಂಬಿದ್ದವು. ಅದು ಸತ್ತರೆ ಸೂಪರ್‌ವೈಸರ್ ಕುರುಡು.

"ನೋಡಪ್ಪ," ಎಂದರು ಅವರು. "ಮೂರು ಜನ ಬಂದ್ರು. ಮೂವರೂ ಕತ್ತೆ ಕಾಯೋರು. ನಿನ್ ಬಗ್ಗೆ ಆಫೀಸಲ್ಲಿ ದೊಡ್ಡದಾಗಿ ಹೇಳಿದ್ರು. ಹೌದೋ?"

"ಹಿಡಿದ್ರೆ ಬಿಡಲ್ಲ ಸರ್."

"ಭಲೇ! ನಮ್ ಗಿರಣೀಲಿ ನಿನ್ನಂಥವರು ಹತ್ತು ಜನ ಇದ್ದಿದ್ರೆ ಸಾಕಿತ್ತು."

ಹದಿನಾರು ವರ್ಷದಲ್ಲಿ ಜಿಗಣೆಯನ್ನು ಬೈದವರುಂಟು, ಬಾಗಿಲಲ್ಲಿ ಕಾಯಿಸಿದವರುಂಟು, ಚಪ್ಪಲಿ ಹೊರಗೆ ಬಿಡು ಎಂದು ಗದರಿದವರಂತೂ ಲೆಕ್ಕವಿಲ್ಲ. ಭಲೇ ಎಂದವರು ಇವರೇ ಮೊದಲು. ಮನುಷ್ಯ ಉಬ್ಬಿಹೋದ. ಪಾಪ, ಅಷ್ಟಕ್ಕೇ ಉಬ್ಬಿದ.

ಅವನು ತನ್ನ ಲ್ಯಾಪ್‌ಟಾಪ್ ತೆಗೆದು ಪೆಟ್ಟಿಗೆಗಳ ಲಾಗ್, ಅಂದರೆ ಅವು ತಾವೇ ಬರೆದಿಟ್ಟುಕೊಳ್ಳುವ ದಿನಚರಿ, ಓದಲು ಕೂತ. ಹಿಂದೆ ಬಂದ ಮೂವರೂ ಬೆಳಿಗ್ಗೆ ಬಂದು ಊಟದ ಹೊತ್ತಿಗೆ ಹೋದವರು, ಓದಿರಲಿಲ್ಲ. ದಿನಾ ಎರಡೂವರೆಗೆ ಹೋಗಿದೆ, ಮೂರು ಹತ್ತಕ್ಕೆ ಬಂದಿದೆ. ಒಂದು ದಿನ ಎರಡು ನಿಮಿಷ ಹಿಂದೆ, ಒಂದು ದಿನ ಒಂದು ನಿಮಿಷ ಮುಂದೆ. ಅಕ್ಕಪಕ್ಕದ ಮನೆಯ ವೈಫೈ ಇಷ್ಟು ಶಿಸ್ತಾಗಿ ಕಾಟ ಕೊಡುವುದಿಲ್ಲ. ಗೋಡೆಯಂತೂ ದಿನದ ಇಪ್ಪತ್ತನಾಲ್ಕು ಗಂಟೆಯೂ ಅಷ್ಟೇ ದಪ್ಪ. ಆಮೇಲೆ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಪೆಟ್ಟಿಗೆ ತಾನು ಎದ್ದು ಎಷ್ಟು ಹೊತ್ತಾಯಿತು ಎಂಬ ಲೆಕ್ಕ ಇಟ್ಟಿರುತ್ತದೆ. ಬರೀ ಸಿಗ್ನಲ್ ಹೋದರೆ ಆ ಲೆಕ್ಕ ನಿಲ್ಲುವುದಿಲ್ಲ. ಪೆಟ್ಟಿಗೆ ಬದುಕಿರುತ್ತದೆ, ದಾರಿ ಮಾತ್ರ ತಪ್ಪಿರುತ್ತದೆ. ಇಲ್ಲಿ ಲೆಕ್ಕ ದಿನಾ ಮೂರು ಹತ್ತಕ್ಕೆ ಸೊನ್ನೆಯಿಂದ ಶುರುವಾಗಿತ್ತು. ಮುಂದಿನ ಎರಡು ಪೆಟ್ಟಿಗೆಗಳದು ಶುರುವಾಗಿರಲಿಲ್ಲ. ಅಂದರೆ ಕರೆಂಟ್ ಹೋದದ್ದಲ್ಲ. ಇದನ್ನೊಂದನ್ನೇ ಯಾರೋ ಕೀಳುತ್ತಿದ್ದಾರೆ.

ಬೇರೆ ಯಾರಾದರೂ ಆಗಿದ್ದರೆ ಒಂದು ದಿನ ಎರಡು ಗಂಟೆಗೆ, ಒಂದು ದಿನ ನಾಲ್ಕಕ್ಕೆ ಕೀಳುತ್ತಿದ್ದರು. ನಲವತ್ತು ವರ್ಷ ಗಡಿಯಾರ ನೋಡಿ ಕಾಫಿ ಕೊಟ್ಟು, ಗಡಿಯಾರ ನೋಡಿ ಮಾತ್ರೆ ಕೊಟ್ಟ ಕೈ ಅದು. ಕದಿಯುವಾಗಲೂ ಹೊತ್ತಿಗೆ ಸರಿಯಾಗಿ ಕದ್ದಿತು, ಹಾಗಾಗಿ ಸಿಕ್ಕಿಬಿತ್ತು.

ಎರಡು ಇಪ್ಪತ್ತೆಂಟಕ್ಕೆ ಜಿಗಣೆ ಅಡುಗೆಮನೆಗೆ ಹೋಗಿ ನಿಂತ. ಆಕೆ ಕೊನೆಯ ಪಾತ್ರೆ ಕವುಚಿಟ್ಟಳು. ಅವನ ಮುಖ ನೋಡಿದಳು, ಅವನ ಕೈಯ ಲ್ಯಾಪ್‌ಟಾಪ್ ನೋಡಿದಳು. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿ ಒಣಗಿಸಿಕೊಂಡಳು. ಕ್ಯಾಮೆರಾದ ಕಣ್ಣಿಗೆ ಬೀಳದ ಮೂಲೆಯಿಂದ ಬಗ್ಗಿ, ಅವನ ಎದುರೇ ಪ್ಲಗ್ ಕಿತ್ತಳು.

"ಹೋಯ್ತು! ಹೋಯ್ತು ನೋಡಪ್ಪ!" ಎಂದು ಮುಂದಿನ ಕೋಣೆಯಿಂದ ಬರಿಗಂಟಲಿನ ಕೂಗು ಬಂತು. "ಸಿಕ್ತಾ?"

"ಈಗ ಮಾತಾಡ್ಬಹುದು," ಎಂದಳು ಆಕೆ. "ಮೆತ್ತಗೆ."

ಜಿಗಣೆ ಕಿತ್ತ ಪ್ಲಗ್ಗನ್ನೇ ನೋಡಿದ. "ಯಾಕಮ್ಮಾ?" ಎಂದ.

ಆಕೆ ಹಿಂಬಾಗಿಲು ತೆರೆದು ತೋರಿಸಿದಳು. ಒಗೆಯುವ ಕಲ್ಲಿನ ಆಚೆ, ಗೋಡೆಗೆ ಮುಖ ಮಾಡಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಪಕ್ಕದಲ್ಲಿ ಪುಸ್ತಕವಿಲ್ಲ, ಫೋನಿಲ್ಲ, ತಿನ್ನುವುದಕ್ಕೂ ಏನಿಲ್ಲ.

"ಅಲ್ಲಿ ಕೂತ್ಕೋತೀನಿ."

"ಕೂತು?"

"ಏನೂ ಇಲ್ಲ. ಸುಮ್ನೆ ಕೂತ್ಕೋತೀನಿ. ಯಾರೂ ನೋಡಲ್ವಲ್ಲ." ಆಕೆಯ ದನಿ ಸಾಮಾನು ಪಟ್ಟಿ ಓದುವಷ್ಟು ಸಪ್ಪೆಯಾಗಿತ್ತು. "ಹೇಳ್ಬೇಡಪ್ಪ. ನಿನ್ ದಮ್ಮಯ್ಯ. ಗೋಡೆ ಅಂತಲೇ ಹೇಳು. ಕೊನೇಲಿ ಬಂದೋನು ಹಾಗೇ ಹೇಳಿದ್ದ, ನಮ್ಮನೆಯವ್ರು ನಂಬಿದ್ರು."

"ನೋಡೋಣಮ್ಮ," ಎಂದ ಜಿಗಣೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಆಕೆ ಅದನ್ನು ಆಯ್ತು ಎಂದೇ ತಿಳಿದಳು. ಕೈ ಮುಗಿದು ಕುರ್ಚಿಯ ಕಡೆ ಹೋದಳು.

ನಿಜ ಹೇಳಬೇಕೆಂದರೆ ಮುಂದಿನ ಕೋಣೆಗೆ ನಡೆಯುವಾಗ ಅವನು ಗೋಡೆ ಎಂದೇ ಹೇಳುವವನಿದ್ದ. ಅವನ ಎದೆ ಕಲ್ಲಲ್ಲ. ಬಾಗಿಲು ದಾಟುವಷ್ಟರಲ್ಲಿ ಸೂಪರ್‌ವೈಸರ್ ಅವನ ಮುಖ ನೋಡಿ ನಕ್ಕರು.

"ಏನು, ಗೋಡೆ ದಪ್ಪಾನಾ? ನಂಗೊತ್ತಿತ್ತು ಬಿಡು. ನೀನೂ ಅವರ ಪೈಕಿನೇ. ಆಫೀಸವರು ಸುಮ್ನೆ ನಿನ್ನನ್ನ ಅಟ್ಟಕ್ಕೇರಿಸಿದಾರೆ."

ಅಷ್ಟು ಸಾಕಾಯಿತು. ಒಬ್ಬ ಹೆಂಗಸಿನ ನಲವತ್ತು ನಿಮಿಷ ಒಂದು ಕಡೆ, ತನ್ನ ಹದಿನಾರು ವರ್ಷದ ಹೆಸರು ಇನ್ನೊಂದು ಕಡೆ. ತೂಗಿ ನೋಡುವಷ್ಟು ಹೊತ್ತೂ ಅವನು ತೆಗೆದುಕೊಳ್ಳಲಿಲ್ಲ.

"ಗೋಡೆ ಅಲ್ಲ ಸರ್," ಎಂದ. "ಪ್ಲಗ್ಗು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೂಪರ್‌ವೈಸರ್ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಅವರು ನಗಲು ಶುರುಮಾಡಿದರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಮೂರು ಹತ್ತಾಗುವವರೆಗೂ ಕಾದರು. ಟ್ಯಾಬ್‌ನಲ್ಲಿ ನಾಲ್ಕು ಚಿತ್ರವೂ ಬಂದ ಮೇಲೆ ಗುಂಡಿ ಒತ್ತಿ, ಬೆಣ್ಣೆಯಂಥ ದನಿಯಲ್ಲಿ ಕರೆದರು. "ಬಾರೇ ಇಲ್ಲಿ. ಈತ ಒಂದು ವಿದ್ಯೆ ಹೇಳಿಕೊಡ್ತಾನೆ, ಕಲಿ."

ಆಕೆ ಬಂದು ಬಾಗಿಲಲ್ಲಿ ನಿಂತಳು. ಒಮ್ಮೆ ಜಿಗಣೆಯನ್ನು ನೋಡಿದಳು, ಮತ್ತೆ ನೋಡಲಿಲ್ಲ.

"ಹೇಳಪ್ಪ. ಹೇಗೆ ಕಂಡುಹಿಡಿದೆ, ಎಲ್ಲಾ ಬಿಡಿಸಿ ಹೇಳು. ಅವಳಿಗೂ ಗೊತ್ತಾಗ್ಲಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮಧ್ಯೆ ನಿಂತವನು ಏನು ಮಾಡಬೇಕು? ಜಿಗಣೆ ಹೇಳಿದ. ಮೊದಲು ತಡವರಿಸಿದ. ಆಮೇಲೆ, ನಾಚಿಕೆಗೇಡು, ಹುರುಪು ಬಂತು. ಎದ್ದ ಹೊತ್ತಿನ ಲೆಕ್ಕ ಹೇಗೆ ಓದಬೇಕು, ಸಿಗ್ನಲ್ ಹೋಗುವುದಕ್ಕೂ ಕರೆಂಟ್ ಹೋಗುವುದಕ್ಕೂ ಏನು ವ್ಯತ್ಯಾಸ ಎಂದು ಪರದೆ ತಿರುಗಿಸಿ ಬೆರಳಿಟ್ಟು ತೋರಿಸಿದ. ಆಕೆ ಪಾಠ ಕೇಳುವವಳಂತೆ ತಲೆಯಾಡಿಸಿದಳು.

"ಈಗ ಇನ್ಮೇಲೆ ಹೋಗದ ಹಾಗೆ ಮಾಡು," ಎಂದರು ಸೂಪರ್‌ವೈಸರ್.

ಪ್ಲಗ್ಗಿನ ಮೇಲೆ ಒಂದು ಮುಚ್ಚಳ ಕೂರಿಸಿ ನಾಲ್ಕು ಸ್ಕ್ರೂ ಹಾಕಬೇಕು. ಕರೆಂಟ್ ಹೋದರೂ ಪೆಟ್ಟಿಗೆ ಬದುಕಿರುವಂತೆ ಬ್ಯಾಟರಿ ಕೊಡಬೇಕು, ಅದನ್ನೂ ಮುಚ್ಚಳದೊಳಗೆ ಇಡಬೇಕು. ಮೂಲೆ ಕತ್ತಲೆ. ಕೆಲಸ ಶುರುವಾದ ಕೂಡಲೇ ಗೋಡೆ ಮಾತಾಡಿತು. "ಸುಮ್ನೆ ನಿಂತಿದ್ದೀಯಲ್ಲೇ, ಅವನಿಗೆ ಟಾರ್ಚ್ ಹಿಡಿ."

ಆಕೆ ಟಾರ್ಚ್ ಹಿಡಿದಳು. ನಾಲ್ಕು ಸ್ಕ್ರೂ ತಿರುಗುವವರೆಗೂ ಬೆಳಕು ಅಲುಗಲಿಲ್ಲ. ಅಲುಗಿದ್ದರೆ ಜಿಗಣೆಗೆ ಸಮಾಧಾನವಾಗುತ್ತಿತ್ತೇನೋ. ಅವನೇ ಮೂರನೇ ಸ್ಕ್ರೂ ಎರಡು ಸಲ ಕೆಳಗೆ ಬೀಳಿಸಿದ. ಎರಡು ಸಲವೂ ಆಕೆಯೇ ಹುಡುಕಿ ಕೊಟ್ಟಳು.

ಆ ಕತೆ ಆಫೀಸಿನಲ್ಲಿ ತಿಂಗಳುಗಟ್ಟಲೆ ಓಡಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಹೇಳುವುದಕ್ಕೆ ಜಿಗಣೆಯನ್ನೇ ನಿಲ್ಲಿಸಿದರು. "ವೈರು ನೋಡಿ, ಚಾನೆಲ್ ನೋಡಿ, ಗೋಡೆ ನೋಡಿ. ಏನೂ ಸಿಗದಿದ್ರೆ ಆ ಮನೆ ಹೆಂಡತೀನ ನೋಡಿ" ಎಂದು ಅವನು ಹೇಳಿದಾಗಲೆಲ್ಲ ಕೋಣೆ ಬಿದ್ದು ಬಿದ್ದು ನಗುತ್ತಿತ್ತು. ಮನೆಯಲ್ಲಿ ಹೇಳಿದ ದಿನ ಮಾತ್ರ ಹೆಂಡತಿ ನಗಲಿಲ್ಲ.

"ಅಲ್ಲಿ ಕೂತು ಏನ್ ಮಾಡ್ತಿದ್ರಂತೆ?" ಎಂದು ಕೇಳಿದಳು.

"ಏನೂ ಇಲ್ವಂತೆ. ಸುಮ್ನೆ ಕೂತಿರ್ತಿದ್ರಂತೆ."

ಅವಳು ಅವನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವನ ಊಟ ಇನ್ನೂ ಮುಗಿದಿರಲಿಲ್ಲ.

ಏಳು ತಿಂಗಳಾದ ಮೇಲೆ ಸೂಪರ್‌ವೈಸರ್ ಮನೆಯಿಂದ ಮತ್ತೆ ಕರೆ ಬಂತು. ದೂರೇನಲ್ಲ. ಪೆಟ್ಟಿಗೆಗಳಿಗೆ ಹೊಸ ಅಪ್‌ಡೇಟ್ ಹಾಕಬೇಕು, ಆ ಜಿಗಣೆಯೇ ಬರಲಿ ಎಂದಿದ್ದರು. ಹೆಸರು ಅಷ್ಟು ದೂರ ಮುಟ್ಟಿತ್ತು.

ಅಡುಗೆಮನೆಯಲ್ಲಿ ಆಕೆ ಒಲೆಯ ಕಟ್ಟೆ ಒರೆಸುತ್ತಿದ್ದಳು. ತೆರೆದ ಹಿಂಬಾಗಿಲಿನಿಂದ ಆ ಕುರ್ಚಿ ಕಂಡಿತು. ಅದರ ಮೇಲೆ ಎರಡು ಬಕೆಟ್ ಇದ್ದವು. ಜಿಗಣೆ ಮುಚ್ಚಳ ಬಿಚ್ಚಿ ಲ್ಯಾಪ್‌ಟಾಪ್ ಜೋಡಿಸಿದ. ಎದ್ದ ಹೊತ್ತಿನ ಲೆಕ್ಕ ಪರದೆಯ ಮೇಲೆ ಬಂತು: ಇನ್ನೂರ ಹನ್ನೊಂದು ದಿನ. ಒಂದು ನಿಮಿಷವೂ ತಪ್ಪಿಲ್ಲ. ಅಂಥ ಅಂಕಿಯನ್ನು ಅವನು ಯಾವ ಮನೆಯಲ್ಲೂ ಕಂಡಿರಲಿಲ್ಲ. ಮೊದಲು ಆದದ್ದು ಹೆಮ್ಮೆ. ಆಮೇಲೆ ಬಕೆಟ್‌ಗಳ ಕಡೆ ನೋಡಿದ, ಪರದೆಯನ್ನು ಆಕೆಗೆ ಕಾಣದಂತೆ ತಿರುಗಿಸಿದ.

"ಹೇಗಿದೆಯಮ್ಮ ಈಗ?" ಎಂದ, ಏನಾದರೂ ಹೇಳಬೇಕಲ್ಲ ಎಂದು.

"ಒಂದ್ಸಲಾನೂ ಹೋಗಿಲ್ಲ," ಎಂದಳು ಆಕೆ.

"ಯಾರ ಹತ್ರಾನೇ ಮಾತು?" ಎಂದಿತು ಗೋಡೆ.

"ನಾನು ಸರ್. ಇದನ್ನೊಂದ್ಸಲ ಆಫ್ ಮಾಡಿ ಆನ್ ಮಾಡ್ಬೇಕು. ಅಪ್‌ಡೇಟ್ ಕೂರ್ಬೇಕಲ್ಲ."

"ಎಷ್ಟೊತ್ತು?"

"ಮೂರು ನಿಮಿಷ ಸರ್."

ನಲವತ್ತು ಎಂದಿದ್ದರೂ ಪ್ರಶ್ನಿಸುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅದು ಹೊಳೆದದ್ದು ಮಾತು ಬಾಯಿಂದ ಹೊರಬಿದ್ದ ಮೇಲೆ.

ಅವನು ಬ್ಯಾಟರಿಯ ವೈರನ್ನೂ ಪ್ಲಗ್ಗನ್ನೂ ಕಿತ್ತು ಮತ್ತೆ ಸಿಕ್ಕಿಸಿದ. ಕ್ಯಾಮೆರಾದ ಕೆಂಪು ಚುಕ್ಕೆ ಆರಿತು. ಆಕೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಾಗೇ ಬಿಟ್ಟಳು. ನಿಂತಲ್ಲೇ, ಗೋಡೆಗೆ ಬೆನ್ನು ಕೊಟ್ಟು ನೆಲಕ್ಕೆ ಕುಸಿದು, ಕಾಲು ಚಾಚಿ ಕಣ್ಣು ಮುಚ್ಚಿದಳು. ಅವನು ಅಲ್ಲಿದ್ದಾನೆಂಬುದೂ ಆಕೆಗೆ ಬೇಕಿರಲಿಲ್ಲ. ಹುಬ್ಬಿನ ನಡುವಿನ ಗಂಟು ನಿಧಾನವಾಗಿ ಸಡಿಲವಾಯಿತು. ತುಟಿ ತುಸು ತೆರೆಯಿತು. ಆಕೆಯ ಆ ಮುಖವನ್ನು ನಲವತ್ತು ವರ್ಷ ಕಾವಲು ಕೂತ ಗಂಡನೂ ನೋಡಿರಲಾರ. ನೋಡುವ ಅದೃಷ್ಟ ಜಿಗಣೆಗಿತ್ತು. ಆದರೆ ಅವನ ಕಣ್ಣು ಪೆಟ್ಟಿಗೆಯ ದೀಪದ ಮೇಲಿತ್ತು. ಹಳದಿ, ಮಿನುಗುವ ಹಳದಿ, ಮತ್ತೆ ಹಳದಿ, ಬಿಳಿ.

"ಬಂತು ಸರ್!" ಎಂದು ಅವನ ಬಾಯಿ ಕೂಗಿಬಿಟ್ಟಿತು. "ಮೂರು ಅಂದಿದ್ದೆ, ಎರಡೂವರೆ ನಿಮಿಷಕ್ಕೇ ಬಂತು!"

"ಭಲೇ!" ಎಂದಿತು ಗೋಡೆ. "ಅದಕ್ಕೇ ನಿನ್ನನ್ನೇ ಕರೆಸೋದು. ಏಯ್, ಅದ್ಯಾಕೇ ನೆಲದ ಮೇಲೆ ಕೂತಿದ್ದೀಯ?"

ಆಕೆ ಎದ್ದು ಬಟ್ಟೆ ಎತ್ತಿಕೊಂಡಳು.