ಮೂಗಿಗೆ ಎಣ್ಣೆ ಬಿಡದ ಕೃಷ್ಣಮ್ಮ

ಆಲ್ದೂರು ಪೇಟೆಯ ಹಿಂದಿನ ಬೀದಿಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಬಾಣಂತಿ ಇರುವ ಮನೆಯಲ್ಲಿ ಮಾತ್ರ ಬಚ್ಚಲ ಒಲೆಗೆ ಕಾಫಿ ಗಿಡದ ಬೊಡ್ಡೆ ತುಂಬಿ ಹಂಡೆ ಕಾಯಿಸಿದ್ದಾರೆ. ಕೃಷ್ಣಮ್ಮ ಸೀರೆಯನ್ನು ಮಂಡಿಯವರೆಗೆ ಎತ್ತಿ ಕಟ್ಟಿ, ಗೋಡೆಗೊರಗಿ, ಎರಡೂ ಕಾಲು ಚಾಚಿ ಕುಳಿತಿದ್ದಾರೆ. ಕಾಲ ಮೇಲೆ ಒಂದು ತಿಂಗಳೂ ತುಂಬದ ಹೆಣ್ಣುಮಗು ಬೋರಲಾಗಿ ಮಲಗಿದೆ. ಮುಂಗೈಗೆ ನೀರು ಬಿಟ್ಟುಕೊಂಡು ಬಿಸಿ ನೋಡುತ್ತಾರೆ, ಒಂದು ಚೊಂಬು ತಣ್ಣೀರು ಬೆರೆಸುತ್ತಾರೆ, ಮತ್ತೆ ನೋಡುತ್ತಾರೆ. ಬೆನ್ನಿಗೆ ನೀರು ಬಿದ್ದದ್ದೇ ತಡ, ಮಗು ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ.

ಬಾಗಿಲಲ್ಲಿ ಎಣ್ಣೆ ಬಟ್ಟಲು ಹಿಡಿದು ನಿಂತವರು ಮಗುವಿನ ಮುತ್ತಜ್ಜಿ ಬಸಮ್ಮ. "ಮೂಗಿಗೆ ಎರಡು ಹನಿ ಬಿಡೇ," ಎನ್ನುತ್ತಾರೆ.

"ಮೈಗೆ ಎಷ್ಟು ಬೇಕಾದ್ರೂ ತಿಕ್ತೀನಿ ಬಸಮ್ಮೋರೇ. ಮೂಗಿಗೆ, ಕಿವಿಗೆ ಬಿಡೂದಿಲ್ಲ."

"ಇದೆಂತ ಹೊಸ ಶಾಸ್ತ್ರ ಮಾರಾಯ್ತಿ? ಇದ್ರ ಅಮ್ಮನ ಮೂಗಿಗೆ ಬಿಟ್ಟೋಳು ನೀನೇ ಅಲ್ವನೇ? ಅವ್ಳಿಗೆ ಎಂತ ಆಗಿದೆ, ಗುಂಡುಕಲ್ಲಿನ ಹಾಗಿದಾಳೆ!"

ಕೋಣೆಯೊಳಗಿಂದ ಬಾಣಂತಿ ನಗುವುದು ಕೇಳಿಸುತ್ತದೆ. ಕೃಷ್ಣಮ್ಮ ನಗುವುದಿಲ್ಲ. "ಅವ್ಳ ಪುಣ್ಯ," ಎಂದಷ್ಟೇ ಹೇಳಿ ಮಗುವಿನ ಕಂಕುಳು ತೊಳೆಯುತ್ತಾರೆ.

ಆಲ್ದೂರಿನ ಸುತ್ತಮುತ್ತ ಬಾಣಂತಿ, ಮಗುವಿಗೆ ಎರೆಯುವುದು ಕೃಷ್ಣಮ್ಮನ ಕಸುಬು. ವಯಸ್ಸು ಅರವತ್ತು ದಾಟಿದೆ. ಕಾಫಿ ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಯುವಾಗ ಗಂಡ ಸಿಲ್ವರ್ ಓಕ್ ಮರದಿಂದ ಬಿದ್ದು ತೀರಿಕೊಂಡ ಮೇಲೆ ಅತ್ತೆಯಿಂದ ಈ ಕೆಲಸ ಕಲಿತರು. ಒಂದು ಕಾಲದಲ್ಲಿ ಬೆಳಗಾಗುವುದರೊಳಗೆ ಮೂರು ಮನೆ, ಒಮ್ಮೊಮ್ಮೆ ನಾಲ್ಕು. ಬಿಸಿನೀರಿಗೆ ಅಂಗೈ ಸುಲಿದು ನುಣ್ಣಗಾಗಿದೆ, ಮಂಡಿ ಮಡಚಲು ಬರುವುದಿಲ್ಲ. ಆಸ್ಪತ್ರೆಯವರ ಲೆಕ್ಕದಲ್ಲಿ ಅವರಿಲ್ಲ, ಅಂಗನವಾಡಿಯವರ ಲೆಕ್ಕದಲ್ಲೂ ಇಲ್ಲ. ನಾಮಕರಣದ ಫೋಟೋದಲ್ಲಂತೂ ಇರುವುದೇ ಇಲ್ಲ, ಆ ಹೊತ್ತಿಗೆ ಅವರು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿರುತ್ತಾರೆ.

ಮೂಗಿನ ಹೊಳ್ಳೆಗೆ ಹರಳೆಣ್ಣೆ ಬಿಟ್ಟು ಬಾಯಿಂದ ಊದುವುದೂ ಅತ್ತೆ ಕಲಿಸಿದ್ದೇ. ಕಫ ಇಳಿಯುತ್ತದೆ, ಮೂಗು ನೆಟ್ಟಗಾಗುತ್ತದೆ ಎಂಬ ನಂಬಿಕೆ. "ಎಷ್ಟು ಮಕ್ಳಿಗೆ ಬಿಟ್ಟಿದೀನೋ ದೇವ್ರಿಗೇ ಗೊತ್ತು. ಎಲ್ಲಾ ದಕ್ಕಿದ್ವು. ಹಾಗಾಗಿ ತಪ್ಪು ಅಂತ ಗೊತ್ತಾಗ್ಲೇ ಇಲ್ಲ," ಎನ್ನುತ್ತಾರೆ ಕೃಷ್ಣಮ್ಮ.

ದಕ್ಕದೆ ಹೋದದ್ದು ಮೇಘಶ್ರೀಯ ಮಗು. ಈ ತಾಯಿಯ ಹೆಸರನ್ನು ನಾನು ಬದಲಿಸಿದ್ದೇನೆ. ನಾಲ್ಕು ವರ್ಷದ ಹಿಂದಿನ ಆಷಾಢ. ತವರಿನಲ್ಲಿ ಬಾಣಂತನ, ಎರಡು ತಿಂಗಳ ಗಂಡುಮಗುವಿಗೆ ಸಣ್ಣ ಶೀತ. ಕಫ ಕರಗಲಿ, ಇವತ್ತು ಸ್ವಲ್ಪ ಜಾಸ್ತಿಯೇ ಬಿಡು ಎಂದರು ಮೇಘಶ್ರೀಯ ತಾಯಿ. ಕೃಷ್ಣಮ್ಮ ಬಿಟ್ಟು ಊದಿದರು. ಮಗು ಕೆಮ್ಮಿತು, ತುಟಿ ನೀಲಿಯಾಯಿತು, ಮತ್ತೆ ಸರಿಹೋಯಿತು. ಮಾರನೆಯ ದಿನದಿಂದ ಹಾಲು ಕುಡಿಯುವುದನ್ನು ಬಿಟ್ಟಿತು. ಏದುಸಿರು ಶುರುವಾಯಿತು, ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳತೊಡಗಿತು. ಜೀಪು ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಓಡಿದರು. ಮಗುವಿನ ಬಟ್ಟೆಯ ಗಂಟು ಹಿಡಿದು ಕೃಷ್ಣಮ್ಮನೂ ಹೋಗಿದ್ದರು.

"ಮೇಘಶ್ರೀ ಒಳಗೆ ಮಗು ಹತ್ರ ಇದ್ಲು. ಡಾಕ್ಟ್ರು ಹೊರಗೆ ಬಂದು ಕೇಳಿದ್ರು, ಮೂಗಿಗೆ ಎಣ್ಣೆ ಗಿಣ್ಣೆ ಬಿಟ್ರಾ, ಅದು ಶ್ವಾಸಕೋಶಕ್ಕೆ ಹೋದ್ರೆ ಹೀಗಾಗುತ್ತೆ ಅಂತ. ಅವ್ರಮ್ಮ ಇಲ್ಲ ಅಂದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ನಂಗೂ ಬಾಯಿ ಬರ್ಲಿಲ್ಲ."

ಮಗು ಉಳಿಯಲಿಲ್ಲ.

ಸಾವಿಗೆ ಊರಿಗೊಂದು ಕಾರಣ ಬೇಕಲ್ಲ? ಬಾಣಂತಿ ಕದ್ದು ಮಜ್ಜಿಗೆ ಕುಡಿದಿದ್ದಳಂತೆ, ಅದರ ಶೀತ ಹಾಲಿನಲ್ಲಿ ಮಗುವಿಗೆ ಇಳಿಯಿತಂತೆ ಎಂದು ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಆಡಿದವರು ಆಡಿ ಮರೆತರು, ಮೇಘಶ್ರೀ ನಂಬಿದಳು. ಒಂದು ಲೋಟ ಮಜ್ಜಿಗೆಯ ಆಸೆಗೆ ಮಗನನ್ನು ಕಳೆದುಕೊಂಡೆ ಎಂದುಕೊಂಡೇ ಇಷ್ಟು ವರ್ಷ ಬದುಕಿದಳು.

ಅಂದಿನಿಂದ ಕೃಷ್ಣಮ್ಮ ಯಾವ ಮಗುವಿನ ಮೂಗಿಗೂ ಎಣ್ಣೆ ಬಿಟ್ಟಿಲ್ಲ. ಕೆಲಸ ಗೊತ್ತಿಲ್ಲದವಳು ಎಂದು ಕೆಲವು ಮನೆಯವರು ಬಿಡಿಸಿದರು. ಆದರೆ ಯಾಕೆ ಬಿಡುವುದಿಲ್ಲ ಎಂದು ಅವರು ಯಾರಿಗೂ ಹೇಳಲಿಲ್ಲ. ಹೇಳಿದರೆ ಉಳಿದ ಮನೆಗಳೂ ಹೋಗುತ್ತವೆ, ಈ ವಯಸ್ಸಿನಲ್ಲಿ ತೋಟದ ಕೆಲಸಕ್ಕೆ ಯಾರೂ ಕರೆಯುವುದಿಲ್ಲ.

ಈ ಮಳೆಗಾಲದಲ್ಲಿ ಮೇಘಶ್ರೀಗೆ ಮತ್ತೆ ಹೆರಿಗೆಯಾಯಿತು. ತವರಿನವರು ಎರೆಯಲು ಕರೆದರು. ಕೃಷ್ಣಮ್ಮ ಹೋಗಿ ನೋಡಿದರೆ ಬಾಣಂತಿ ಒಣಗಿದ ಕಡ್ಡಿಯಾಗಿದ್ದಾಳೆ. ಅನ್ನ, ಮೆಣಸಿನ ಸಾರು ಬಿಟ್ಟು ಏನನ್ನೂ ಮುಟ್ಟುವುದಿಲ್ಲ. ನೀರನ್ನೂ ಗಂಟಲು ನೆನೆಯುವಷ್ಟೇ ಕುಡಿಯುತ್ತಾಳೆ. ಹಾಲು ಬತ್ತುತ್ತಿದೆ, ಮಗುವಿಗೆ ಹಸಿವೆಂದು ಅಳುವ ಶಕ್ತಿಯೂ ಇಲ್ಲ. ಬಾಣಂತಿಯ ಬಾಯಿ ಕಟ್ಟುವುದೆಂದರೆ ನಮ್ಮ ಹಿರಿಯರಿಗೆ ಎಲ್ಲಿಲ್ಲದ ಉತ್ಸಾಹ, ನಿಜ. ಇಲ್ಲಿ ಮಾತ್ರ ಅವಳೇ ಕಟ್ಟಿಕೊಂಡಿದ್ದಳು. ಆಶಾ ಕಾರ್ಯಕರ್ತೆ ಅರ್ಚನಾ ಬೈದು ಹೇಳಿದರೂ, ಅವಳ ಅಮ್ಮ ಅತ್ತು ಹೇಳಿದರೂ ಕೇಳುತ್ತಿರಲಿಲ್ಲ.

"ನಾನು ಬಚ್ಚಲಿಗೆ ಹೋಗ್ಲೇ ಇಲ್ಲ. ಮಂಚದ ಹತ್ರ ಕೂತು ಹೇಳಿದೆ. ನಿನ್ ಮಜ್ಜಿಗೆ ಅಲ್ಲ ಮಗಾ, ನನ್ ಎಣ್ಣೆ. ಡಾಕ್ಟ್ರು ಕೇಳ್ದಾಗ ಸುಮ್ನಿದ್ದೋಳೂ ನಾನೇ, ಅಂದೆ. ಅವ್ರಮ್ಮ ಗೋಡೆ ಕಡೆ ತಿರುಗಿ ನಿಂತ್ರು."

ಮೇಘಶ್ರೀ ಮಗುವನ್ನು ಎತ್ತಿ ಎದೆಗೊತ್ತಿಕೊಂಡಳಂತೆ. ಆಮೇಲೆ, "ನೀವು ಇನ್ನು ಈ ಮನೆಗೆ ಬರ್ಬೇಡಿ," ಎಂದಳಂತೆ. ಕೃಷ್ಣಮ್ಮ ಎದ್ದು ಹೊಸಿಲು ದಾಟುವಾಗ ಹಿಂದಿನಿಂದ ಇನ್ನೊಂದು ಮಾತು ಕೇಳಿಸಿತು: "ಅಮ್ಮಾ, ಒಂದು ಚೊಂಬು ನೀರು ಕೊಡು."

ಮಗು ಈಗ ಮೈಕೈ ತುಂಬಿಕೊಳ್ಳುತ್ತಿದೆ ಎಂದು ಅರ್ಚನಾ ಹೇಳಿದರು. ಕೃಷ್ಣಮ್ಮನಿಗೆ ಮಾತ್ರ, ಒಪ್ಪಿಕೊಂಡ ಸುದ್ದಿ ಹರಡಿ, ಇನ್ನೆರಡು ಮನೆ ತಪ್ಪಿವೆ. ಬಸಮ್ಮನ ಕಿವಿಗೆ ಸುದ್ದಿ ಇನ್ನೂ ಬಿದ್ದಿಲ್ಲ, ಈ ಬರಹದಿಂದ ಬೀಳುತ್ತದೆ. ಅದಕ್ಕೇ, ಪತ್ರಿಕೆಯಲ್ಲಿ ನಿಮ್ಮ ಹೆಸರನ್ನೂ ಬದಲಿಸಲೇ ಎಂದು ಕೇಳುತ್ತೇನೆ. ಕೃಷ್ಣಮ್ಮ ಒದ್ದೆ ಸೆರಗು ಹಿಂಡುತ್ತಾ ತಲೆಯಾಡಿಸುತ್ತಾರೆ.

"ಬೇಡ, ನಂದೇ ಹಾಕಿ. ಫೋಟೋನೂ ಹಾಕಿ. ಆ ಹುಡ್ಗಿ ಮಗು ಕೊಂದ್ಲು ಅಂತ ಊರೆಲ್ಲ ಮಾತಾಡಿದಾರೆ. ಕೊಂದೋಳು ಯಾರು ಅಂತ ಒಂದ್ಸಲ ಓದ್ಲಿ."