ಎಡಕ್ಕೆ ಹೋಗುತ್ತಿದ್ದ ಬಾಣಗಳು

ನಮ್ಮವರು ತೀರಿಕೊಂಡ ಮೇಲೆ ಅವರ ಪ್ಯಾಂಟುಗಳನ್ನೆಲ್ಲ ನಾನೇ ಗಿಡ್ಡ ಮಾಡಿ ಮೈದುನನಿಗೆ ಕೊಟ್ಟೆ. ಪುಣೆ ಕ್ಯಾಂಪಿನಲ್ಲಿ ನನ್ನದು ಬಟ್ಟೆ ಆಲ್ಟರ್ ಮಾಡುವ ಅಂಗಡಿ. ಉದ್ದವಿದ್ದದ್ದನ್ನು ಕತ್ತರಿಸುವುದು, ಬಿಗಿಯಿದ್ದದ್ದನ್ನು ಬಿಚ್ಚಿ ಸಡಿಲ ಮಾಡುವುದು ನನ್ನ ಕಸುಬು. ಕತ್ತರಿ ಹಾಕುವಾಗ ಕೈ ನಡುಗಲಿಲ್ಲ. ನಡುಗಬೇಕಿತ್ತು ಎಂದು ನೆಗೆಣ್ಣಿಗೆ ಅನಿಸಿದ್ದು ಅವಳ ಮುಖದಲ್ಲೇ ಕಾಣುತ್ತಿತ್ತು. ದಿನಕರ್ಮಕ್ಕೆ ಬಂದವರೂ ಹಾಗೇ, ನಾನು ಯಾವಾಗ ಅಳುತ್ತೇನೆಂದು ಕಾದು ಕಾದು, ಊಟ ಮುಗಿಸಿ ಹೊರಟುಹೋಗಿದ್ದರು. ನಾನೇನು ಅಳು ತಡೆದುಕೊಂಡಿರಲಿಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ದವಡೆಯಂತೆ, ಇದೆ ಅಂತ ಗೊತ್ತು, ನನ್ನದು ಅಂತ ಅನಿಸುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಅವರ ಬಿಲ್ಲು ಮತ್ತು ಬಾಣ. ಆಫೀಸಿನಲ್ಲಿ ವಾರವಿಡೀ ಫೈಲು ನೋಡಿದ ಮನುಷ್ಯ ಭಾನುವಾರ ಬಂತೆಂದರೆ ಈ ಮರದ ರಿಕರ್ವ್ ಬಿಲ್ಲು ಹೆಗಲಿಗೇರಿಸಿ ಹೊರಡುತ್ತಿದ್ದರು. ತುದಿಗಳು ಮುಂದಕ್ಕೆ ಬಾಗಿದ ಹಳೇ ಮಾದರಿ, ಗುರಿ ನೋಡುವ ಸಾಧನ ಗೀಧನ ಏನೂ ಇಲ್ಲದ್ದು. ಬಾಣ ಮಾತ್ರ ಕಾರ್ಬನ್ನಿನದು, ಅದೂ ಬೇಟೆಗೆಂದೇ ಮಾಡಿದ ದಪ್ಪ ಜಾತಿ. ಬೇಟೆಯಾಡುವುದು ನಮ್ಮಲ್ಲಿ ಕಾನೂನಿಗೆ ವಿರುದ್ಧ. ಕಾನೂನು ಬಿಡಿ, ಈ ಮಹಾಶಯರು ಅಡುಗೆಮನೆಯ ಹಲ್ಲಿಯನ್ನೂ ಹೊಡೆದವರಲ್ಲ. ಗುರಿಗೆಂದು ನಿಲ್ಲಿಸಿದ ಫೋಮಿನ ಕಾಡುಹಂದಿಯೊಂದಕ್ಕೆ ಹೊಡೆಯಲು ಇಷ್ಟು ಭಾರದ ಬಾಣ ಯಾಕೆ ಎಂದರೆ, "ಹಗುರ ಬಾಣ ಒದರತದ. ವಜ್ಜ ಬಾಣ ಸುಮ್ನ ಹೋಗಿ ಕೂಡತದ" ಎನ್ನುತ್ತಿದ್ದರು. ಅವರೂ ಅಂಥವರೇ, ಗದ್ದಲವಿಲ್ಲದವರು. ಹೋಗುವಾಗಲೂ ಗದ್ದಲ ಮಾಡಲಿಲ್ಲ.

ಪ್ಯಾಂಟು ಮೈದುನನ ಕಾಲಿಗೇರಿ ಅವನದಾಯಿತು. ವಾಚು ಮಾವನ ಮಗನ ಕೈಗೆ ಹೋಗಿ ಅವನದಾಯಿತು. ಬಾಣಗಳನ್ನಾದರೂ ಅವರವಾಗಿಯೇ ಉಳಿಸಿಕೊಳ್ಳಬೇಕು ಅನಿಸಿತು. ಅಟ್ಟದ ಮೇಲೆ ಧೂಳು ತಿನ್ನಿಸಿ ಅಲ್ಲ, ನಾನೇ ಹೊಡೆದು. ಹಿಂದೆ ಒಂದೆರಡು ಮಳೆಗಾಲ ಅವರೇ ನನಗೆ ಎಳೆಯುವುದು, ಬಿಡುವುದು ಕಲಿಸಿದ್ದರು. ಅವರು ಹೋದ ಮೇಲೆ ನನಗೆ ಬೇಕೆನಿಸಿದ್ದು ಇದೊಂದೇ.

ಆದರೆ ಅವರು ಉದ್ದ ಕೈಯ ಮನುಷ್ಯ, ನಾನು ಕುಳ್ಳಿ. ನಾನು ಪೂರ್ತಿ ಎಳೆದರೂ ಬಾಣ ಬಿಲ್ಲಿನ ಮುಂದೆ ಗೇಣುದ್ದ ಚಾಚಿಕೊಂಡೇ ಇರುತ್ತಿತ್ತು, ದೊಡ್ಡವರ ಅಂಗಿ ತೊಟ್ಟ ಮಗುವಿನ ತೋಳಿನಂತೆ. ತೋಳು ಉದ್ದವಾದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂಗಿಗೆ ಓಢಣಿ ಕಟ್ಟಿಕೊಂಡು, ಅವರದೇ ಪುಟ್ಟ ಕಟಿಂಗ್ ಮಷೀನಿನಲ್ಲಿ ಎಲ್ಲ ಬಾಣಗಳ ಮುಂಭಾಗ ಕತ್ತರಿಸಿದೆ. ಕರೀ ಪುಡಿ ಉದುರಿತು. ಹೊಸ ಬಾಯಿಯೊಳಗೆ, ಮೊನೆ ಕೂರಲೆಂದು, ಅಂಗಡಿಯಲ್ಲಿ ಸಿಗುವ ಅಲ್ಯುಮಿನಿಯಂ ತುಂಡು ಅಂಟಿಸಿ, ಅವರ ಮೊನೆಗಳನ್ನೇ ತಿರುಗಿಸಿ ಕೂರಿಸಿದೆ. ಕತ್ತರಿಸಿದ ಮೋಟುಗಳನ್ನು ಗುಂಡಿಯ ಡಬ್ಬಿಗೆ ಹಾಕಿಟ್ಟೆ. ಚೂರು ಬಟ್ಟೆಯನ್ನೂ ಎಸೆಯುವ ಜಾತಿ ಅಲ್ಲ ನಾವು.

ಬಿಲ್ಲು ಹೊಡೆಯುವ ಜಾಗ ಇಂದಾಪುರದ ಹತ್ತಿರ, ಅವರ ಗೆಳೆಯರ ಹೊಲ. ಗೆಳೆಯರು ವಿಜಯಪುರದ ಕಡೆಯವರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅಲ್ಲಿ ಕಬ್ಬು ಹಾಕಿಕೊಂಡಿದ್ದಾರೆ. ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರು ಚೀಲ ನೋಡಿ "ಮಾವಶಿ, ಹೇ ಕಾಯ್?" ಎಂದ. ಪರದೆ ಕಟ್ಟುವ ರಾಡು ಎಂದು ಮರಾಠಿಯಲ್ಲೇ ಹೇಳಿ ಕಿಟಕಿಯ ಕಡೆ ತಿರುಗಿದೆ. ಇಡೀ ದಾರಿ ಏನು ನೋಡಿದೆನೋ ನೆನಪಿಲ್ಲ.

ಹೊಡೆದ ಬಾಣಗಳೆಲ್ಲ ಎಡಕ್ಕೇ ಹೋದವು. ಹಂದಿಯ ಪಕ್ಕದ ಮಣ್ಣಿನ ದಿಬ್ಬಕ್ಕೆ ಹೊಕ್ಕು ನಿಂತವು. ನನಗೆ ಬೇಸರವೂ ಆಗಲಿಲ್ಲ. ಗೆಳೆಯರು ಒಂದು ಬಾಣ ಕಿತ್ತು, ಉದ್ದ ನೋಡಿ, ನನ್ನ ಮುಖ ನೋಡಿದರು.

"ಕತ್ತರಿಸಿದ್ರೇನ್ರಿ ವೈನಿ?"

"ಹೌದ್ರಿ ಅಣ್ಣಾರ. ಉದ್ದ ಆಗಿದ್ವು."

"ಅಯ್ಯ, ಇದು ಪ್ಯಾಂಟ್ ಅಲ್ರಿ. ಬಾಣ ಬಿಡೂ ಮುಂದ ಮೀನಿನಂಗ ಮಣೀಬೇಕು. ಮಣದು, ಬಿಲ್ಲ ದಾಟಿ, ಆಮ್ಯಾಲೆ ನೆಟ್ಟಗಾಗತದ. ಗಿಡ್ಡ ಮಾಡಿದ್ರ ಬಿರಸಾಗತದ, ಮಣಿಯೂದಿಲ್ಲ, ಎಡಕ್ಕ ಸಿಡೀತದ. ನೀವು ಅವರಷ್ಟು ಜಗ್ಗೂದಿಲ್ಲ, ನಿಮಗ ಇನ್ನೂ ಮೆತ್ತಗಿಂದ ಬೇಕಿತ್ತು."

"ಇನ್ನ ಏನ್ ಮಾಡೂದ್ರಿ?"

"ಮೂತಿಗೆ ವಜ್ಜ ಹಾಕ್ರಿ. ಮುಂದ ವಜ್ಜ ಆದಷ್ಟೂ ಭಾಳ ಮಣೀತದ. ಅವರು ಒಳಗ ಹಿತ್ತಾಳಿ ತುಂಡ ಕೂಡಿಸಿದ್ರಲ್ಲ, ಅವೆಲ್ಲಿ?"

ಅವು ಮೋಟುಗಳೊಳಗೇ ಉಳಿದು ಗುಂಡಿಯ ಡಬ್ಬಿಯಲ್ಲಿದ್ದವು. ಉದ್ದದ ಜೊತೆಗೆ ಭಾರವನ್ನೂ ನಾನೇ ಕತ್ತರಿಸಿ ತೆಗೆದಿದ್ದೆ.

ಮುಂದಿನ ಭಾನುವಾರ ಮಧ್ಯಾಹ್ನ ಮೋಟುಗಳನ್ನು ಅಡುಗೆಕಟ್ಟೆಯ ಮೇಲೆ ಸುರುವಿಕೊಂಡೆ. ಹಿತ್ತಾಳೆ ಕಾರ್ಬನ್ನಿಗೆ ಸೇರುವ ಕಡೆ ಹೊರಗೆ ಉಕ್ಕಿ ಗಟ್ಟಿಯಾದ ಅಂಟು ಇತ್ತು. ಅಂಟು ಬಿಸಿಯಿರುವಾಗಲೇ ನಮ್ಮವರು ಹೆಬ್ಬೆರಳು ಎಂಜಲು ಮಾಡಿಕೊಂಡು ಒತ್ತುತ್ತಿದ್ದರು, "ಹಾ ಹಾ" ಎಂದು ಬಾಯಲ್ಲಿ ಗಾಳಿ ಎಳೆಯುತ್ತಿದ್ದರು. ನಾನು ಒಳಗಿನಿಂದ ಬೈಯುತ್ತಿದ್ದೆ. ಈಗ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಒಂದೊಂದರ ಅಂಟಿನ ಮೇಲೂ ಆ ಹೆಬ್ಬೆರಳಿನ ಗೆರೆಗಳಿದ್ದವು. ಸಣ್ಣ ಸಣ್ಣ ಗೆರೆ, ಹೊಸ ಹೊಲಿಗೆಯಷ್ಟು ಸ್ಪಷ್ಟ.

ಹಿತ್ತಾಳೆ ಬೇಕೆಂದರೆ ಅಂಟು ಕಾಯಿಸಬೇಕು. ಕಾಯಿಸಿದರೆ ಗೆರೆ ಕರಗುತ್ತದೆ. ಬೇರೆ ಹಿತ್ತಾಳೆ ತರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬೇರೆಯದನ್ನು ಹಾಕಿದರೆ ಅವು ಅವರ ಬಾಣ ಹೇಗಾಗುತ್ತವೆ? ಚಹಾ ಕಾಯಿಸಿ ಕುಡಿದೆ. ಆಮೇಲೆ ಅದೇ ಒಲೆಯ ಮೇಲೆ ಹಿಡಿಕೆಗೆಂದು ಮೋಟಿಗೆ ಮೊನೆ ಸಿಕ್ಕಿಸಿ, ಇಕ್ಕಳದಲ್ಲಿ ಹಿಡಿದು ಕಾಯಿಸತೊಡಗಿದೆ. ಗೆರೆಗಳು ಹೊಳೆದವು, ಜಾರಿದವು, ಇಲ್ಲವಾದವು. ಒಂದನ್ನಾದರೂ ಎತ್ತಿಡಬೇಕೆಂದು ಹೊಳೆಯಲೂ ಇಲ್ಲ. ಕೈ ತನ್ನಷ್ಟಕ್ಕೆ ಕೆಲಸ ಮುಗಿಸಿತು. ಅಲ್ಯುಮಿನಿಯಂ ಕಿತ್ತು ಹಿತ್ತಾಳೆ ಕೂರಿಸಿದೆ, ಅವರ ಸಾಮಾನಿನಲ್ಲೇ ಇದ್ದ, ಮೊದಲಿಗಿಂತ ಭಾರದ ಮೊನೆ ಹಾಕಿದೆ, ಎಲ್ಲವೂ ಸರಿಸಮ ತೂಗುತ್ತವೆಯೇ ಎಂದು ಅವರ ಪುಟ್ಟ ತಕ್ಕಡಿಯಲ್ಲಿ ನೋಡಿದೆ. ಉಕ್ಕಿದ ಅಂಟನ್ನು ನನ್ನ ಹೆಬ್ಬೆರಳಿನಿಂದಲೇ ಒತ್ತಿದೆ. ಸುಟ್ಟಿತು. ಹಾ ಎನ್ನಲಿಲ್ಲ.

ಮತ್ತೆ ಇಂದಾಪುರಕ್ಕೆ ಹೋದೆ. ಮೊದಲ ಬಾಣ ಬಿಟ್ಟೆ. ಬಿಲ್ಲು ಒದರಲಿಲ್ಲ. ಬಾಣ ಸುಮ್ಮನೆ ಹೋಗಿ ಹಂದಿಯ ಪಕ್ಕೆಲುಬಿನ ನಡುವೆ ಕೂತಿತು. ಎರಡನೆಯದು ಅದರ ಮಗ್ಗುಲಲ್ಲೇ ಕೂತಿತು.

ಗೆಳೆಯರು ಮಗುವಿನಂತೆ ಚಪ್ಪಾಳೆ ತಟ್ಟಿದರು. "ಭೇಷ್ ವೈನಿ! ಈಗ ಈ ಬಾಣ ನಿಮ್ಮವಾದ್ವು ನೋಡ್ರಿ. ಇನ್ನ ಅವರ ಕೈಗೆ ಕೊಟ್ರೂ ಕೇಳೂದಿಲ್ಲ."

ಗೆಳೆಯರು ಹೊಗಳಿದ್ದೇ. ನಾನು "ಹೌದ್ರಿ" ಎಂದು ಬಾಣ ಕೀಳಲು ನಡೆದೆ. ಹಂದಿಯ ಮೈಮೇಲೆ ಒಂದು ಕೈಯೂರಿ ಎಳೆದೆ, ಬರಲಿಲ್ಲ. ಎಡಕ್ಕೆ ಹೋಗುವಷ್ಟು ದಿನವೂ ಅವು ಅವರವಾಗಿದ್ದವು, ನನ್ನ ಮಾತು ಕೇಳುತ್ತಿರಲಿಲ್ಲ. ನೆಟ್ಟಗೆ ಹೋಗುವಂತೆ ಮಾಡಿದವಳು ನಾನೇ. ಹೆಬ್ಬೆರಳಿನ ಬೊಬ್ಬೆ ಬಾಣದ ಮೈಗೆ ತಾಗಿ ಚುರ್ ಎಂದಿತು. ಅವರು ಹೋಗಿ ಅಷ್ಟು ತಿಂಗಳಾದ ಮೇಲೆ ನನಗೆ ನೋವಾಯಿತು. ಫೋಮಿನ ಹಂದಿಯ ಕುತ್ತಿಗೆ ತಬ್ಬಿಕೊಂಡು, ಗೆಳೆಯರಿಗೆ ಕೇಳಿಸುವಷ್ಟು ಜೋರಾಗಿ ಅತ್ತೆ.