ಕಾಕುವಿನ ಕರಿ ಹಲ್ಲು

ಮೊನ್ನೆ ನಿಲಂಗಾದ ಪೇಟೆಯಲ್ಲಿ ಯಾರೋ ಅಳಲೆಕಾಯಿ, ಲವಂಗ ಸೇರಿಸಿ ಕುಟ್ಟುತ್ತಿದ್ದರು. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಮೊಮ್ಮಗಳ ಕೈ ಬಿಟ್ಟು ಅಲ್ಲೇ ನಿಂತುಬಿಟ್ಟೆ. ಅದು ಮಿಸ್ಸಿಯ ವಾಸನೆ. ನಮ್ಮ ಪಕ್ಕದ ಮನೆ ಚಿಕ್ಕಮ್ಮನ, ನಮ್ಮ ಕಾಕುವಿನ ವಾಸನೆ...

ಮಿಸ್ಸಿ ಎಂದರೆ ಹಲ್ಲು ಕಪ್ಪಗೆ ಮಾಡುವ ಪುಡಿ. ಈಗಿನವರು ನಗುತ್ತಾರೆ, ನಗಲಿ. ನಿಜಾಮರ ಕಾಲದಲ್ಲಿ ನಮ್ಮ ಔರಾದ ಶಹಾಜನಿಯ ಕಡೆ ಬಿಳಿ ಹಲ್ಲು ಹುಡುಗಿಯರಿಗೆ, ಕರಿ ಹಲ್ಲು ಮುತ್ತೈದೆಯರಿಗೆ. ತಹಶೀಲದಾರರ ಬೇಗಂ ಹಚ್ಚುತ್ತಾರೆಂದು ನಮ್ಮ ಒಕ್ಕಲಗಿತ್ತಿಯರೂ ಹಚ್ಚುತ್ತಿದ್ದರು. ಅವರೆಲ್ಲರಲ್ಲಿ ಕಾಕುವಿನ ಹಲ್ಲೇ ಹಲ್ಲು, ಕಾಡಿಗೆಯಷ್ಟು ಕಪ್ಪು. ಅವಳ ಅತ್ತೆಯೋ, ಸೊಸೆ ಮಾಡಿದ ಒಂದು ಕೆಲಸವನ್ನೂ ಒಪ್ಪಿದವಳಲ್ಲ. ಆದರೂ ಮನೆಗೆ ಬಂದವರಿಗೆ, "ನಮ್ಮಾಕಿ ಮಿಸ್ಸಿ ನೋಡ್ರಿ" ಎಂದು ತಾನೇ ತೋರಿಸುತ್ತಿದ್ದಳು. ಆ ಮನೆಯಲ್ಲಿ ಕಾಕುವಿಗಿದ್ದ ಮರ್ಯಾದೆ ಅದೊಂದೇ.

ನನಗಾಗ ಎಂಟು ವರ್ಷ. ಹೊಸ ಹಲ್ಲು ಬಂದಿದ್ದವು, ಅವು ಕಪ್ಪಾಗಬೇಕೆಂದು ನನ್ನ ಹಟ. ಮಿಸ್ಸಿ ಕೇಳಿದರೆ ಕಾಕು, "ಲಗ್ನಾ ಆಗೋತನಾ ತಡಿಯವ್ವಾ" ಎಂದು ನಕ್ಕಳು. ತಡೆಯುವ ಜಾಯಮಾನ ನನ್ನದಲ್ಲ. ಅವಳ ಮೇಲೆ ಕಣ್ಣಿಟ್ಟೆ. ಬೀಸುವಾಗ, ಕಳೆ ತೆಗೆಯುವಾಗ, ಸಾರಿಸುವಾಗ ಅವಳ ದವಡೆಯಲ್ಲಿ ಸದಾ ಒಂದು ಬೆಲ್ಲದ ಚೂರು. ಗುಟ್ಟು ಸಿಕ್ಕೇಬಿಟ್ಟಿತು! ಹಲ್ಲು ಕಪ್ಪಾಗುವುದು ಬೆಲ್ಲದಿಂದ.

ಕಬ್ಬಿನ ಗಾಣ ನಮ್ಮದೇ, ಬೆಲ್ಲಕ್ಕೇನು ಬರ? ಹಗಲು ಒಂದು ಗಲ್ಲದಲ್ಲಿ ಚೂರು, ಮಲಗುವಾಗ ಇನ್ನೊಂದರಲ್ಲಿ. ಓಣಿಯ ನಾಲ್ವರು ಗೆಳತಿಯರಿಗೂ ಉಪದೇಶ ಕೊಟ್ಟೆ. ಐವರೂ ಗಲ್ಲ ಉಬ್ಬಿಸಿಕೊಂಡು ಮಂಗಗಳ ಹಾಗೆ ತಿರುಗಿದೆವು. ಮರುವರ್ಷ ಗಾಣ ಹೂಡುವ ಹೊತ್ತಿಗೆ ನನ್ನ ದವಡೆ ಹಲ್ಲಿನ ಮೇಲೊಂದು ಕರಿ ಚುಕ್ಕೆ ಮೂಡಿತು. ಹಿಗ್ಗಿ ಹೀರೇಕಾಯಿಯಾದೆ.

ಆಗಲೇ ಕಾಕುವಿನ ಮನೆಯಲ್ಲಿ ಅವಳ ನಾದಿನಿಯ ಕೂಸಿಗೆ ತೊಟ್ಟಿಲು ಕಾರ್ಯ ಬಂತು. ಅಂಗಳದ ತುಂಬ ಹೆಂಗಸರು. ಗುಗ್ಗರಿ ಹಂಚಿದರು. ಒಂದು ಕಡಲೆ ಕಚ್ಚಿದೆ ನೋಡಿ, ಪ್ರಾಣ ಹೋದಂತಾಯಿತು. ನನ್ನ ಚೀರಾಟಕ್ಕೆ ಓಡಿಬಂದ ಅವ್ವ ಬಾಯಿ ತೆರೆಸಿ ನೋಡಿದಳು.

"ಹಲ್ಲಿಗಿ ಹುಳಾ ಹತ್ಯಾದ! ಏನ್ ತಿನ್ಲತ್ತಿದ್ದಿ?"

"ಬೆಲ್ಲಾ... ಕಾಕುನಂಗ ಕರೀ ಹಲ್ಲ ಬೇಕಂತ..."

ಅಂಗಳವೆಲ್ಲ ಗೊಳ್ಳೆಂದಿತು. ಕಾಕುವಿನ ಅತ್ತೆ ಹೆಮ್ಮೆಯಿಂದ, "ನಮ್ಮಾಕೀದು ಬೆಲ್ಲ ಅಲ್ಲವ್ವಾ, ಖರೇ ಮಿಸ್ಸಿ" ಅಂದಳು. ಕಾಕು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವಳ ಮುಖ ಸಣ್ಣದಾಯಿತು. ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನನ್ನೆದುರು ಕುಳಿತು, ನನ್ನ ಬೆರಳು ಹಿಡಿದು ತನ್ನ ಬಾಯೊಳಗೆ ಇಟ್ಟುಕೊಂಡಳು. ದವಡೆ ಹಲ್ಲು ಇರಬೇಕಾದಲ್ಲಿ ಬೆರಳು ಮೆತ್ತಗೆ ಒಳಗೆ ಹೋಯಿತು. ಮುಂದಿನವೂ ಬರೀ ಮೊಂಡು, ತೂತು.

"ಬೆಲ್ಲಾ ತಿಂದು ತಿಂದು ಹಿಂಗಾಗ್ಯಾದ ತಂಗಿ. ಇದು ಕಾಣಬಾರ್ದಂತ ಮಿಸ್ಸಿ ಬಡಕೋತೀನಿ. ನಾ ಗುಗ್ಗರಿ ತಿಂದು ಆರು ವರ್ಷ ಆಯ್ತು. ನಿನಗ ಇದು ಬೇಕೇನು?"

ಅತ್ತೆಯ ಕಣ್ಣು ಕೆಂಪಾಯಿತು. ಅಷ್ಟರಲ್ಲಿ ಗೌಡರ ಹೆಂಡತಿ, "ನಂದೂ ಅದೇ ಹಣೆಬರಾನೇ ಅದಾ" ಎಂದು ಬಾಯಿ ತೆರೆದಳು. ಅವಳ ಹಿಂದೆ ಮತ್ತೊಬ್ಬಳು, ಮಗದೊಬ್ಬಳು. ಮಿಸ್ಸಿಯ ಮರೆಯಲ್ಲಿ ಎಷ್ಟು ಮೊಂಡು ಹಲ್ಲುಗಳು ಮಾನ ಉಳಿಸಿಕೊಂಡಿದ್ದವೋ! ಕೂಸಿಗೆ ಹೆಸರಿಡುವುದು ಮರೆತೇಹೋಯಿತು. ಕುರಿ ಕಾಯುವ ಮನೆಯ ಮುದುಕಿಯ ಹಲ್ಲು ಮಾತ್ರ ಎಲ್ಲ ನೆಟ್ಟಗಿದ್ದವು. ಏನು ತಿನ್ನುತ್ತೀ ಎಂದು ಕೇಳಿದರೆ, "ಕಟಕ ರೊಟ್ಟಿ, ಮಜ್ಜಗಿ. ಬೆಲ್ಲಾ ಹಬ್ಬಕ್ಕಷ್ಟೇ ನೋಡ್ರಿ" ಅಂದಳು. ಕೊನೆಗೆ ಅತ್ತೆಯೂ ತಡೆಯಲಾರದೆ, "ನಂದೂ ಎರಡೇ ಉಳದಾವ, ಯಾರಿಗೂ ಹೇಳಬ್ಯಾಡ್ರಿ" ಎಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನನ್ನ ಒಂದು ಹಲ್ಲು ಸಂತೆಯಲ್ಲಿ ಹಲ್ಲು ಕೀಳುವವನ ಇಕ್ಕಳಕ್ಕೆ ಹೋಯಿತು. ಉಳಿದವುಗಳ ಕಾವಲಿಗೆ ಕಾಕು ನಿಂತಳು. ಬೆಲ್ಲ ಊಟದ ಜೊತೆಗಷ್ಟೇ, ದವಡೆಯಲ್ಲಿ ಇಡುವಂತಿಲ್ಲ, ತಿಂದೊಡನೆ ಬಾಯಿ ಮುಕ್ಕಳಿಸಬೇಕು. ತಪ್ಪಿದರೆ ಕಿವಿ ಅವಳ ಕೈಯಲ್ಲಿ. ತಾನು ಮಾತ್ರ ಬೆಲ್ಲ ಬಿಡಲಿಲ್ಲ. ಕೇಳಿದರೆ, "ಊರು ಕೊಳ್ಳಿ ಹೊಡದ ಮ್ಯಾಲ ಕ್ವಾಟಿ ಬಾಗಲಾ ಹಾಕಿ ಏನ್ ಮಾಡ್ಲಿ?" ಅನ್ನುತ್ತಿದ್ದಳು.

ನಾನು ಗುಂಜೋಟಿಗೆ ಮದುವೆಯಾಗಿ ಬಂದೆ. ಕಾಕು ಹೋದ ಸುದ್ದಿ ಬಾಣಂತಿಯಾಗಿದ್ದ ನನಗೆ ಮೂರು ತಿಂಗಳು ತಡವಾಗಿ ಮುಟ್ಟಿತು...

ಇವತ್ತು ಊಟಕ್ಕೆ ಹಸಿ ಗಜ್ಜರಿ ಇತ್ತು. ಕಟಕ್ಕನೆ ಕಚ್ಚಿದೆ. "ಈ ವಯಸ್ಸಿನ್ಯಾಗೂ ಏನ್ ಹಲ್ಲರೀ ಅತ್ತಿ ನಿಮ್ಮವು!" ಎಂದು ಸೊಸೆ ನಕ್ಕಳು. ನಾನೂ ನಕ್ಕೆ. ಇವನ್ನು ಕಾಕುವಿಗೆ ಒಮ್ಮೆ ತೋರಿಸಬೇಕಿತ್ತು.